ವೋಟು ಕೇಳಲು ಬಂದವರ ಮಾತನ್ನು ಜರಡಿ ಹಿಡಿಯುವುದು ಹೇಗೆ

ರಾಯಚೂರು ಜಿಲ್ಲೆ ಸಿಂಧನೂರಿನ ತಹಶೀಲ್ದಾರ್ ಕಚೇರಿಗೆ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಒಂದು ಮಷೀನು, ಎರಡು ಕಂಪ್ಯೂಟರು, ಒಂದು ಲ್ಯಾಮಿನೇಷನ್ ಪೆಟ್ಟಿಗೆ. ಪಹಣಿ ತೆಗೆದುಕೊಡುವುದು, ಅರ್ಜಿ ಟೈಪ್ ಮಾಡುವುದು, ಫಾರಂ ತುಂಬುವುದು ನನ್ನ ಕೆಲಸ. ಹದಿನೆಂಟು ವರ್ಷ ಆಯಿತು. ವೇದಿಕೆ ಮೇಲೆ ಹುಟ್ಟಿದ ಮಾತು ಕೊನೆಗೆ ಒಂದು ಫಾರಂ ಆಗಿ ನನ್ನ ಮೇಜಿಗೇ ಬರುತ್ತದೆ. ಎಷ್ಟೋ ಮಾತು ಬರುವುದೇ ಇಲ್ಲ.

ಚುನಾವಣೆ ಹತ್ತಿರ ಬಂದಾಗ ಅಂಗಡಿ ಮುಂದಿನ ಬೆಂಚಿನಲ್ಲಿ ಎರಡೇ ಥರದ ಮಾತು. ಒಬ್ಬರು "ಈ ಸಲ ಖರೇನ ಮಾಡ್ತಾರಕ್ಕಾ" ಅನ್ನುತ್ತಾರೆ. ಇನ್ನೊಬ್ಬರು "ಎಲ್ಲಾರೂ ಕಳ್ಳರು, ಬಿಡು" ಅನ್ನುತ್ತಾರೆ. ನನಗೆ ಎರಡನೆಯವರ ಮೇಲೇ ಸಿಟ್ಟು ಜಾಸ್ತಿ. ಕಾಗದ ಓದುವ ಕಷ್ಟ ತಪ್ಪಿಸಿಕೊಳ್ಳಲು ಹಾಗೆ ಅಂದುಬಿಡುತ್ತಾರೆ. ಅನುಮಾನ ಪಡಬೇಕು, ಸರಿ. ಆದರೆ ಅದಕ್ಕೂ ಒಂದು ಕ್ರಮ ಇದೆ. ನಾನು ಮಾಡುವುದನ್ನು ಹೇಳುತ್ತೇನೆ, ನೋಡಿ.

ಮೊದಲು ಕಾಗದ ಎತ್ತಿಡಿ. ಪಾಂಪ್ಲೆಟ್ ಮೇಲೆ ಮಂಡಕ್ಕಿ ಹಾಕಿಕೊಂಡು ತಿಂದು ಎಸೆಯಬೇಡಿ. ಹಿಂದೆ ತಾರೀಖು ಬರೆಯಿರಿ, ಯಾರು ಕೊಟ್ಟರು ಬರೆಯಿರಿ. ನನ್ನ ಹತ್ತಿರ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ, 2008ರಿಂದ ಎಲ್ಲಾ ಪಕ್ಷದ್ದೂ ಅದರಲ್ಲಿದೆ. ಭಾಷಣದಲ್ಲಿ ಹೇಳಿದ್ದೇ ಬೇರೆ, ಪ್ರಣಾಳಿಕೆಯಲ್ಲಿ ಅಚ್ಚಾಗುವುದೇ ಬೇರೆ. ಅದಕ್ಕೇ ಭಾಷಣವನ್ನು ಫೋನಿನಲ್ಲಿ ಎರಡು ನಿಮಿಷ ಹಿಡಿದಿಟ್ಟುಕೊಳ್ಳಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಇಟ್ಟುಕೊಂಡ ಕಾಗದದಲ್ಲಿ ಕ್ರಿಯಾಪದ ಹುಡುಕಿ. ನಗಬೇಡಿ. ದಿನಾ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವಳು ನಾನು, ಯಾವ ಪದ ಎಷ್ಟು ಸಲ ಬರುತ್ತದೆ ಅಂತ ಬೆರಳಿಗೇ ಗೊತ್ತು. "ಲಾಗುವುದು" ಅಂತ ಮುಗಿಯುವ ಸಾಲುಗಳನ್ನು ನೋಡಿ. ಆದ್ಯತೆ ನೀಡಲಾಗುವುದು. ಕ್ರಮ ಕೈಗೊಳ್ಳಲಾಗುವುದು. ಪ್ರಾಮಾಣಿಕವಾಗಿ ಶ್ರಮಿಸಲಾಗುವುದು. ಯಾರು ಶ್ರಮಿಸುತ್ತಾರೆ? ಯಾವತ್ತಿನವರೆಗೆ? ಆ ಸಾಲಿನಲ್ಲಿ ಮನುಷ್ಯನೇ ಇಲ್ಲ. ನಾನು ಪೆನ್ಸಿಲ್ ಹಿಡಿದು ಇಂಥವನ್ನೆಲ್ಲಾ ಹೊಡೆದು ಹಾಕುತ್ತೇನೆ. ನಲವತ್ತು ಭರವಸೆ ಇರುವ ಪುಸ್ತಕದಲ್ಲಿ ಏಳೆಂಟು ಉಳಿಯುತ್ತವೆ. ಮೊತ್ತ, ಯಾರಿಗೆ, ಯಾವಾಗಿಂದ ಅನ್ನುವುದರಲ್ಲಿ ಎರಡಾದರೂ ಇರುವ ಸಾಲು ಅವು. ಅವನ್ನು ಮಾತ್ರ ಓದಿದರೆ ಸಾಕು.

ಹೀಗೆ ಹೊಡೆದು ಹಾಕುವ ಧೈರ್ಯ ನನಗೆ ಬಂದಿದ್ದು ಒಂದು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ. ಒಬ್ಬ ಹುಡುಗ ಬಂದು "ಅಕ್ಕಾರ, ಒಂದು ಪಾಂಪ್ಲೆಟ್ ಮಾಡಿಕೊಡ್ರಿ" ಎಂದ. ಏನು ಬರೆಯಲಿ ಅಂದರೆ ತಲೆ ಕೆರೆದುಕೊಂಡ. ನನ್ನ ಕಂಪ್ಯೂಟರಿನಲ್ಲಿ ಹಿಂದಿನ ಸಲ ಬೇರೆ ಹಳ್ಳಿಯವರು ಮಾಡಿಸಿದ್ದ ಫೈಲ್ ಇತ್ತು. "ಅದನ್ನ ತೆಗೀರಿ. ಹೆಸರು, ಫೋಟೋ, ಗುರುತು ಬದಲು ಮಾಡ್ರಿ. ಸಾಕು" ಎಂದ. ಮಾಡಿಕೊಟ್ಟೆ. ಮುನ್ನೂರು ಪ್ರತಿ ತೆಗೆದ ಮೇಲೆ ನೋಡುತ್ತೇನೆ, ಏಳನೇ ಸಾಲಿನಲ್ಲಿ "ಹಳ್ಳದ ಸೇತುವೆ ಎತ್ತರಿಸಲಾಗುವುದು" ಅಂತ ಉಳಿದುಬಿಟ್ಟಿದೆ. ಆ ಹುಡುಗನ ಊರಿನಲ್ಲಿ ಹಳ್ಳವೇ ಇಲ್ಲ. ಒಬ್ಬರೂ ಕೇಳಲಿಲ್ಲ. ಗೆದ್ದೂ ಗೆದ್ದ.

ಇನ್ನು ಉಳಿದ ಏಳೆಂಟು ಸಾಲಿಗೆ ಬನ್ನಿ. ಪ್ರತಿ ಸಾಲಿಗೂ ಕೇಳಬೇಕಾದ್ದು, ಈ ಕೆಲಸ ಇವರ ಕೈಯಲ್ಲಿ ಇದೆಯಾ ಅಂತ. ನಮ್ಮ ಭಾಗದಲ್ಲಿ ಇದಕ್ಕೆ ನವಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಎರಡನೇ ಬೆಳೆ ಭತ್ತಕ್ಕೆ ನೀರು ಸಿಗುತ್ತದೋ ಇಲ್ಲವೋ ಅಂತ ಪ್ರತಿ ವರ್ಷ ಎದೆ ಡವಗುಟ್ಟುವುದು ಅದಕ್ಕೇ. ಹೂಳಿಗೆ ಹೋದ ನೀರನ್ನು ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟಿ ನಿಲ್ಲಿಸಬೇಕು ಅನ್ನುವುದು ಯೋಜನೆ. 2022ರ ರಾಜ್ಯ ಬಜೆಟ್ಟಿನಲ್ಲಿ ಇದಕ್ಕೆ 1000 ಕೋಟಿ ಅಂತಲೂ ಓದಿದರು. ನಮ್ಮ ಭಾಗದಲ್ಲಿ ಪಟಾಕಿ ಹೊಡೆದರು. ಆದರೆ ತುಂಗಭದ್ರೆಯ ನೀರಿನಲ್ಲಿ ಆಂಧ್ರ, ತೆಲಂಗಾಣಕ್ಕೂ ಪಾಲಿದೆ. ಅವರು ಒಪ್ಪದೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಹಾಗಿದ್ದ ಮೇಲೆ ಮನೆ ಬಾಗಿಲಿಗೆ ಬಂದ ಅಭ್ಯರ್ಥಿ "ನವಲಿ ಕಟ್ಟಿಸ್ತೀನಿ" ಅಂದರೆ ನೀವು ಕೇಳಬೇಕಾದ್ದು ಯಾವಾಗ ಅಂತಲ್ಲ. "ಆಂಧ್ರದವರ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ? ಏನಂದರು?" ಅಂತ ಕೇಳಿ. ಉತ್ತರ ಇದ್ದವರು ಹೇಳುತ್ತಾರೆ. ಇಲ್ಲದವರು ನೀರು ಕೇಳುತ್ತಾರೆ, ಕುಡಿಯಲು.

ಏಮ್ಸ್ ಕೂಡ ಹಾಗೇ. ರಾಯಚೂರು ಕೇಳಿದ್ದ ಐಐಟಿ 2016ರಲ್ಲಿ ಧಾರವಾಡಕ್ಕೆ ಹೋಯಿತು, ರಾಯಚೂರಿಗೆ 2019ರಲ್ಲಿ ಐಐಐಟಿ ಬಂತು. ಏಮ್ಸ್ ಆದರೂ ಕೊಡಿ ಅಂತ ರಾಯಚೂರಿನ ಜನ 2022ರಿಂದ ಧರಣಿ ಕೂತರು. ರಾಜ್ಯ ಸರ್ಕಾರ ಪತ್ರ ಬರೆಯಬಹುದು, ಜಾಗ ಕೊಡಬಹುದು. ಮಂಜೂರು ಮಾಡುವುದು ದೆಹಲಿ. ಎಂಎಲ್‌ಎ ಚುನಾವಣೆಯಲ್ಲಿ ಏಮ್ಸ್ ತರ್ತೀನಿ ಅನ್ನುವವರು, ಎಂಪಿ ಚುನಾವಣೆಯಲ್ಲಿ ವಾರ್ಡಿನ ಚರಂಡಿ ಮಾಡಿಸ್ತೀನಿ ಅನ್ನುವವರು, ಇಬ್ಬರೂ ಒಂದೇ ಜಾತಿ.

ಆಮೇಲೆ ಗುಣಾಕಾರ. ಫೋನಿನ ಕ್ಯಾಲ್ಕುಲೇಟರ್ ಸಾಕು. 2023ರಲ್ಲಿ ಮನೆ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಅಂತ ಕಾಂಗ್ರೆಸ್ ಹೇಳಿತು. ಸುಮಾರು 1.2 ಕೋಟಿ ಹೆಣ್ಣುಮಕ್ಕಳು ಅಂತ ಹಿಡಿಯಿರಿ. ತಿಂಗಳಿಗೆ 2400 ಕೋಟಿ, ವರ್ಷಕ್ಕೆ 28,800 ಕೋಟಿ. 2024-25ರ ಬಜೆಟ್ಟಿನಲ್ಲಿ ಗೃಹಲಕ್ಷ್ಮಿಗೆ ಇಟ್ಟಿದ್ದು 28,608 ಕೋಟಿ. ನೋಡಿ, ನಮ್ಮ ಬೆಂಚಿನ ಮೇಲಿನ ಲೆಕ್ಕಕ್ಕೂ ವಿಧಾನಸೌಧದ ಲೆಕ್ಕಕ್ಕೂ ಎಷ್ಟು ಹತ್ತಿರ! ಆ ವರ್ಷದ ಇಡೀ ಬಜೆಟ್ 3.71 ಲಕ್ಷ ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಏಳೂವರೆಗಿಂತ ಜಾಸ್ತಿ ಇದೊಂದಕ್ಕೇ. ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ನನ್ನ ಖಾತೆಗೂ ಬರುತ್ತದೆ. ಬೇರೆ ಯಾವುದಕ್ಕೆ ಕಡಿಮೆ ಮಾಡುತ್ತೀರಿ ಅಂತ ಕೇಳಲು ಈ ಲೆಕ್ಕ ಬೇಕು, ಅಷ್ಟೇ.

ಅದೇ ಚುನಾವಣೆಯಲ್ಲಿ ಬಿಜೆಪಿ ಪ್ರಣಾಳಿಕೆಯಲ್ಲಿ ಬಿಪಿಎಲ್ ಮನೆಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು ಇತ್ತು. ಒಂದು ಕೋಟಿ ಮನೆ ಅಂದರೆ ದಿನಕ್ಕೆ 50 ಲಕ್ಷ ಲೀಟರ್. ಕೆಎಂಎಫ್‌ಗೆ ಆಗ ದಿನಕ್ಕೆ ಬರುತ್ತಿದ್ದ ಒಟ್ಟು ಹಾಲೇ ಒಂದು ಕೋಟಿ ಲೀಟರ್ ಮುಟ್ಟಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಹಾಲು ಇಲ್ಲಿಗೇ ಬಂದರೆ ಉಳಿದವರ ಚಹಾ ಗತಿ ಏನು? ಅವರು ಗೆಲ್ಲಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ. ಯಾವ ಪಕ್ಷ ಅಂತ ನೋಡದೆ ಗುಣಿಸಿ. ನಮಗೆ ಬೇಡದ ಪಕ್ಷದ್ದನ್ನು ಮಾತ್ರ ಗುಣಿಸುವ ಚಟ ಎಲ್ಲರಿಗೂ ಇದೆ, ನನಗೂ ಇತ್ತು.

ಊರಿನ ಮಟ್ಟದ ಲೆಕ್ಕ ಇನ್ನೂ ಸುಲಭ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. "ಪ್ರತಿ ಹಳ್ಳಿಗೂ 50 ಲಕ್ಷದ ಸಮುದಾಯ ಭವನ" ಅಂದರೆ, ನೂರು ಹಳ್ಳಿಗೆ 50 ಕೋಟಿ. ಐದು ವರ್ಷದ ಶಾಸಕರ ನಿಧಿ ಪೂರ್ತಿ ಸುರಿದರೂ 10 ಕೋಟಿ. ಉಳಿದ 40 ಎಲ್ಲಿಂದ? ದುಡ್ಡಿನ ದಾರಿ ಹೇಳಬೇಕು ಅಂತ ಚುನಾವಣಾ ಆಯೋಗದ ನಿಯಮವೇ ಇದೆ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮಾದರಿ ನೀತಿ ಸಂಹಿತೆಗೆ ಅದನ್ನು ಸೇರಿಸಿದರು. ಪ್ರಣಾಳಿಕೆಯಲ್ಲಿ ಆ ಪುಟ ಹುಡುಕಿ. ನನ್ನ ಡಬ್ಬಿಯಲ್ಲಿ ಇರುವ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಷರತ್ತಿನ ವಿಷಯ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಅದರಲ್ಲಿ ನಮ್ಮ ಮನೆಯೇ ಕೈ ಸುಟ್ಟುಕೊಂಡಿದೆ.

2018ರಲ್ಲಿ ರೈತರ ಸಾಲ ಪೂರ್ತಿ ಮನ್ನಾ, ಅದೂ 24 ಗಂಟೆಯಲ್ಲಿ ಅಂತ ಮಾತು ಬಂತು. ನಮ್ಮ ಮಾವ ಆ ವರ್ಷ ಗೊಬ್ಬರಕ್ಕೆ, ನಾಟಿ ಕೂಲಿಗೆ ಅಂತ ಬ್ಯಾಂಕಿನಲ್ಲಿ ಅತ್ತೆಯ ಬಂಗಾರದ ಸರ ಇಟ್ಟು ಸಾಲ ತಂದಿದ್ದರು. "ಮನ್ನಾ ಆಗ್ತೈತಿ, ಬಡ್ಡಿ ಯಾಕ ಕಟ್ಟಬೇಕು?" ಅಂದರು. ನಾನೂ ಹೂಂ ಅಂದೆ. ಅಂಗಡಿಯಲ್ಲಿ ಕೂತು ಊರಿನವರ ಕಾಗದ ಓದುವವಳು, ಮನೆಯ ಕಾಗದ ಓದಲಿಲ್ಲ. ಹತ್ತು ತಿಂಗಳು ಸುಮ್ನೆ ಕೂತೆವು. ಆದೇಶ ಬಂದಾಗ ಅದು ಬೆಳೆ ಸಾಲಕ್ಕೆ ಮಾತ್ರ. ಬ್ಯಾಂಕಿನಲ್ಲಿ ಇದ್ದರೆ 2 ಲಕ್ಷದವರೆಗೆ, ಸಹಕಾರ ಸಂಘದಲ್ಲಿ 1 ಲಕ್ಷದವರೆಗೆ. ನಮ್ಮದು ಬಂಗಾರದ ಸಾಲ. ಗದ್ದೆಗೇ ಹಾಕಿದ್ದು, ಆದರೆ ಕಾಗದದ ಮೇಲೆ ಬಂಗಾರ. ಬಡ್ಡಿ ಬೆಳೆದು, ಹರಾಜಿನ ನೋಟಿಸು ಬಂತು. ಭತ್ತ ಬೆಲೆ ಇಲ್ಲದ ಹೊತ್ತಿನಲ್ಲಿ ಮಾರಿ ಸರ ಬಿಡಿಸಿದೆವು. ಅತ್ತೆ ಒಂದು ಮಾತೂ ಆಡಲಿಲ್ಲ. ಸರ ಕೊರಳಿಗೆ ಹಾಕಿಕೊಳ್ಳಲೂ ಇಲ್ಲ, ಟ್ರಂಕಿನಲ್ಲಿಟ್ಟು ಕೀಲಿ ಸೊಂಟಕ್ಕೆ ಸಿಗಿಸಿಕೊಂಡರು.

ಆವತ್ತಿನಿಂದ ನನ್ನ ನಿಯಮ ಇಷ್ಟು: ಸರ್ಕಾರಿ ಆದೇಶ ಕೈಗೆ ಬರುವವರೆಗೆ ಮನೆಯ ಲೆಕ್ಕ ಬದಲಿಸಬಾರದು. ಕಟ್ಟುವ ಬಡ್ಡಿ ಕಟ್ಟಿ, ಕಟ್ಟುವ ಕರೆಂಟ್ ಬಿಲ್ ಕಟ್ಟಿ. ಆದೇಶ ಬಂದ ಮೇಲೆ "ಷರತ್ತುಗಳು" ಅನ್ನುವ ಭಾಗವನ್ನು ಮೊದಲು ಓದಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಕರೆಂಟ್ ಪುಕ್ಕಟೆ ಅಂತ ಕೇಳಿ ಎಷ್ಟೋ ಜನ ಹೀಟರ್ ಕೊಂಡರು. ಆದೇಶದಲ್ಲಿ ಇದ್ದದ್ದು ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10. 200 ಅನ್ನುವುದು ಮೇಲಿನ ಮಿತಿ. ಕೆಲಸ ಸಿಗದ ಹುಡುಗರಿಗೆ ಭತ್ಯೆ ಕೊಡುವ ಯುವನಿಧಿ ಬಂದಾಗ 2019ರಲ್ಲಿ ಡಿಗ್ರಿ ಮುಗಿಸಿದ ಹುಡುಗರು ಸಾಲಾಗಿ ನಿಂತರು. ಅದು 2022-23ರಿಂದ ಪಾಸಾದವರಿಗೆ, ಅದೂ ಆರು ತಿಂಗಳು ಕೆಲಸ ಸಿಗದವರಿಗೆ. ವಾಪಸ್ ಕಳಿಸುವಾಗ ನನ್ನನ್ನೇ ಬೈದು ಹೋದರು.

ಚುನಾವಣೆ ಮುಗಿದ ಮೇಲೆ ಕೆಲಸ ಶುರು. ಆಗ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಜನ ತಪ್ಪುವುದು ಇಲ್ಲೇ. ನಮ್ಮ ಹತ್ತಿರದ ಒಂದು ಕ್ಯಾಂಪಿನ, ಅಂದರೆ ಕಾಲುವೆ ನೀರು ಬಂದ ಮೇಲೆ ಹುಟ್ಟಿದ ಊರಿನ, ಹಿರಿಯರೊಬ್ಬರು ಬಂದು, "ಎಲೆಕ್ಷನ್ನಿನ್ಯಾಗ ಅಡಿಗಲ್ಲು ಹಾಕಿ ಹೋದ್ರು, ರಸ್ತೆ ಯಾಕ ಆಗಿಲ್ಲ, ನಾಚಿಕೆ ಬರೂದಿಲ್ಲೇನು ಅಂತ ಬರೀಬೇ" ಎಂದರು. "ಯಾಕೆ" ಅಂತ ಕೇಳಿದರೆ "ಇದು ಮಾಹಿತಿ ವ್ಯಾಪ್ತಿಗೆ ಬರುವುದಿಲ್ಲ" ಅಂತ ಒಂದು ಸಾಲು ಬರೆದು ಕಳಿಸುತ್ತಾರೆ. ಕಾಗದ ಕೇಳಬೇಕು. ನಾನು ಬರೆದದ್ದು ಹೀಗೆ:

"ಸದರಿ ರಸ್ತೆ ಕಾಮಗಾರಿಗೆ ಸಂಬಂಧಿಸಿದ ಆಡಳಿತಾತ್ಮಕ ಅನುಮೋದನೆ ಆದೇಶ, ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಇಲ್ಲಿಯವರೆಗೆ ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು ನೀಡಿ."

ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ ಮೂವತ್ತು ದಿನದಲ್ಲಿ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಆ ಹಿರಿಯರಿಗೆ ಇಪ್ಪತ್ತೇಳನೇ ದಿನ ಉತ್ತರ ಬಂತು. "ಅಂತಹ ಯಾವುದೇ ಕಾಮಗಾರಿ ಮಂಜೂರಾಗಿರುವುದಿಲ್ಲ." ಅಡಿಗಲ್ಲು ಮಾತ್ರ ಇದೆ, ಅದರ ಮೇಲೆ ಈಗ ಹಾಲಿನ ಕ್ಯಾನು ಇಡುತ್ತಾರೆ. ಆ ಒಂದು ಸಾಲಿನ ಉತ್ತರವನ್ನು ಅವರು ಐವತ್ತು ಪ್ರತಿ ಝೆರಾಕ್ಸ್ ಮಾಡಿಸಿಕೊಂಡು ಹೋದರು. ದುಡ್ಡು ತಗೊಳ್ಳಲಿಲ್ಲ ನಾನು.

ಅಭ್ಯರ್ಥಿಯ ಆಸ್ತಿ, ಕೇಸಿನ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಐದು ವರ್ಷ ಹಿಂದಿನದನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿ. ಜಾಸ್ತಿ ವಿವರಿಸುವುದಿಲ್ಲ, ನೋಡಿದರೆ ನಿಮಗೇ ತಿಳಿಯುತ್ತದೆ.

ಈಡೇರಿದ್ದನ್ನೂ ಡಬ್ಬಿಯಲ್ಲಿ ಟಿಕ್ ಹಾಕಿ ಇಡಿ. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ನಮಗೆ ಸಿಕ್ಕಿದ್ದು ಎಷ್ಟೋ ವರ್ಷದ ಹೋರಾಟದ ಮೇಲೆ, 2012ರ ಸಂವಿಧಾನ ತಿದ್ದುಪಡಿಯಿಂದ. ಇವತ್ತಿಗೂ ಸೀಟು, ನೌಕರಿ ಅಂತ ಅದರ ಪ್ರಮಾಣಪತ್ರಕ್ಕೆ ಅರ್ಜಿ ತುಂಬಿಸಲು ಹುಡುಗರು ಬರುತ್ತಾರೆ. ರೈಲು ನೋಡಿ. ಗಿಣಿಗೇರಾ–ರಾಯಚೂರು ಮಾರ್ಗ ಮಂಜೂರಾಗಿದ್ದು 1997-98ರಲ್ಲಿ. ಸಿಂಧನೂರಿಗೆ ಮೊದಲ ರೈಲು ಬಂದಿದ್ದು 2024ರ ಮಾರ್ಚ್‌ನಲ್ಲಿ. ನಡುವೆ ಎಷ್ಟು ಚುನಾವಣೆ ಬಂತೋ ಅಷ್ಟು ಸಲ "ರೈಲು ತಂದೇ ತರ್ತೀವಿ" ಅಂತ ಅಚ್ಚಾಗಿದೆ. ಮಾವ ಸ್ಟೇಷನ್ನಿಗೆ ಹೋಗಿ ನೋಡಿ ಬಂದರು. "ಬಂತು ಬಿಡವಾ, ನಾನು ಇದ್ದಾಗಲೇ ಬಂತು" ಅಂದರು. ಸುಳ್ಳಲ್ಲ ಅದು. ಆದರೆ ಅದನ್ನು ನಂಬಿ ಯಾರಾದರೂ 1998ರಲ್ಲೇ ಸ್ಟೇಷನ್ ಮುಂದೆ ಹೋಟೆಲಿಗೆ ಜಾಗ ಹಿಡಿದಿದ್ದರೆ?

ಕೊನೆಗೆ, ಮನೆ ಬಾಗಿಲಿಗೆ ಬಂದಾಗ ಮಾಡುವ ಒಂದು ಕೆಲಸ. ಜಗಳ ಬೇಡ, ಚಹಾ ಕೊಡಿ. ಅವರದೇ ಪಾಂಪ್ಲೆಟ್ ಮುಂದಿಟ್ಟು, ನೀವು ಗುರುತು ಹಾಕಿದ ಒಂದು ಸಾಲು ತೋರಿಸಿ, "ಇದರ ಪಕ್ಕ ಒಂದು ಸಹಿ, ತಾರೀಖು ಹಾಕಿಕೊಡಿ" ಅಂತ ಕೇಳಿ. ಹೋದ ಸಲ ಒಬ್ಬರು ನನ್ನ ಅಂಗಡಿಗೇ ಬಂದಿದ್ದರು, ಜೊತೆಗೆ ಹದಿನೈದು ಜನ. ಕೇಳಿದೆ. ಅವರು ಜೇಬು ಮುಟ್ಟಿ ನೋಡಿಕೊಂಡು, "ಪೆನ್ನಿಲ್ಲ ಅಕ್ಕಾರ, ಮತ್ತ ಬರ್ತೀನಿ" ಅಂದರು. ನನ್ನ ಮೇಜಿನ ಮೇಲಿನ ಲೋಟದಲ್ಲಿ ಪೆನ್ನುಗಳು ತುಂಬಿದ್ದವು. ದಾರ ಕಟ್ಟಿದ್ದು ಬೇರೆ ಒಂದಿತ್ತು.