ಸೋಲಿಗ ಮಕ್ಕಳು, ಜೇನಿನ ಡಬ್ಬ ಮತ್ತು ದಶಮಾಂಶ: ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ, ಅಂದರೆ ಸೋಲಿಗರ ಹಾಡಿಗಳಿಂದ, ಬರುವ ಮಕ್ಕಳಿಗೆ ದಶಮಾಂಶ ತಲೆಗೆ ಹತ್ತುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಹೋದ ವರ್ಷ ನನ್ನ ಐದನೇ ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು ಯಾರನ್ನೂ ಕೇಳದೆ ದಶಮಾಂಶದ ಗುಣಾಕಾರ ಮಾಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವ ಉಪಾಯವನ್ನೇ ಮಾಡಿ ನೋಡಿದ್ದೆ. ಪುಸ್ತಕದ ಲೆಕ್ಕದಲ್ಲಿ ರಾಜು ಹೋಗಿ ಕೇತ ಬಂದ, ಸೇಬು ಹೋಗಿ ನೆಲ್ಲಿಕಾಯಿ ಬಂತು. ಮಕ್ಕಳು ಕಣ್ಣೆತ್ತಿಯೂ ನೋಡಲಿಲ್ಲ. ನೆಲ್ಲಿಕಾಯನ್ನು ಕಾಡಲ್ಲಿ ಯಾರೂ ಒಂದೊಂದಾಗಿ ಎಣಿಸುವುದಿಲ್ಲ, ಅಲ್ವಾ? ಮರ ನೋಡಿ ಇಷ್ಟು ಚೀಲ ಅಂತ ಅಂದಾಜು ಹಾಕುತ್ತಾರೆ. ಗಣಿತ ಇರುವುದು ಆ ಅಂದಾಜಿನಲ್ಲಿ. ಹಾಗಾಗಿ ನಿಯಮ ಒಂದೇ: ಮೊದಲು ಅಂದಾಜು, ಆಮೇಲೆ ತೂಕ, ಕೊನೆಗೆ ಕಾಗದ.

ಕೈಹಿಡಿದದ್ದು ಜೇನು. ಒಂದು ಲೀಟರ್ ನೀರು ಒಂದು ಕೆಜಿ ಅಂತ ಬೋರ್ಡ್ ಮೇಲೆ ಬರೆದು, ಜೇನು ಎಷ್ಟು ತೂಗುತ್ತೆ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ, ವರ್ಷವಿಡೀ ಬಾಯಿ ಬಿಡದವಳು, 'ಜೇನು ನೀರಲ್ಲಿ ತಳಕ್ಕೆ ಹೋಗುತ್ತೆ ಸಾರ್, ಜಾಸ್ತಿ ಭಾರ' ಅಂದಳು. ಒಂದು ಲೀಟರ್ ಹೆಜ್ಜೇನು ತೂಗಿದೆವು. ಹತ್ತಿರ ಹತ್ತಿರ 1.4 ಕೆಜಿ ಬಂತು. ಮುಕ್ಕಾಲು ಲೀಟರ್ ಬಾಟಲಿ ತುಂಬಿಸಿದರೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ.

ಕಾಡಿನ ಉತ್ಪನ್ನ ಕೊಳ್ಳುವ ಬುಡಕಟ್ಟು ಜನರ ಸಹಕಾರ ಸಂಘ, ಲ್ಯಾಂಪ್ಸ್ ಸೊಸೈಟಿಯಲ್ಲಿ ಜೇನಿಗೆ ಕೆಜಿ ಲೆಕ್ಕ. ಹೊರಗಿನಿಂದ ಬರುವ ಕೆಲವರು ಲೀಟರ್ ಡಬ್ಬ ನೋಡಿ, ಒಂದು ಲೀಟರನ್ನು ಒಂದು ಕೆಜಿ ಅಂತ ಹಿಡಿದು ದರ ಕೊಡುತ್ತಾರೆ. ಕೆಜಿಗೆ 250 ರೂಪಾಯಿ ಅಂತ ಇಟ್ಟುಕೊಂಡು ಇಪ್ಪತ್ತು ಲೀಟರ್ ಡಬ್ಬದ ಲೆಕ್ಕ ಮಾಡಿಸಿದೆ. ಡಬ್ಬದ ಲೆಕ್ಕದಲ್ಲಿ 5000. ತೂಕದ ಲೆಕ್ಕದಲ್ಲಿ 28 ಕೆಜಿ, 7000. ತರಗತಿ ಗಪ್‌ಚುಪ್. ಆಮೇಲೆ ಒಬ್ಬ ಎದ್ದು, ಅವರಪ್ಪ ಆ ವರ್ಷ ಕೊಟ್ಟ ಡಬ್ಬಗಳಿಗೆಲ್ಲ ಲೆಕ್ಕ ಹಾಕಬೇಕು ಅಂದ. ಅವತ್ತು ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಇಂಥ ಕ್ಲಾಸು ನನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

ದುಡ್ಡಿನ ಕಥೆ ಬೇರೆ. ಅಗ್ಗದ ಸ್ಪ್ರಿಂಗ್ ತಕ್ಕಡಿ ಮುನ್ನೂರು ರೂಪಾಯಿಗೆ ತಂದದ್ದು ಎರಡು ತಿಂಗಳಲ್ಲಿ ಸ್ಪ್ರಿಂಗ್ ಸಡಿಲಾಗಿ ಸುಳ್ಳು ತೂಕ ತೋರಿಸಿತು. ಡಿಜಿಟಲ್ ತಕ್ಕಡಿ ಸಾವಿರದ ಮೇಲಾಯಿತು. ಮಳೆಗಾಲದ ತೇವಕ್ಕೆ ಅದೂ ಕೈಕೊಟ್ಟಿತು. ಕೊನೆಗೆ ಸಂತೆಯಲ್ಲಿ ಹಳೇ ಕಬ್ಬಿಣದ ತಕ್ಕಡಿ, ಬಟ್ಟುಗಳ ಸಮೇತ ಆರುನೂರಕ್ಕೆ ಸಿಕ್ಕಿತು. ಅದು ಇವತ್ತಿಗೂ ಇದೆ. ಬಟ್ಟು ಹಾಕಿ ತೆಗೆಯುವಾಗಲೇ ದಶಮಾಂಶದ ಅರ್ಧ ಪಾಠ ಬಂದುಬಿಡುತ್ತೆ. ಶಾಲಾ ಅನುದಾನಕ್ಕೆ ಅಂಗಡಿ ಬಿಲ್ ಬೇಕು, ಸಂತೆಯಲ್ಲಿ ಬಿಲ್ ಎಲ್ಲಿ? ಎಲ್ಲ ಸೇರಿ ಎರಡೂವರೆ ಸಾವಿರ ನನ್ನ ಜೇಬಿನಿಂದಲೇ ಹೋಯಿತು.

'ಇದೆಲ್ಲ ಪರೀಕ್ಷೆಗೆ ಬರುತ್ತಾ?' ಅಂತ ಸಹೋದ್ಯೋಗಿಗಳು ಕೇಳುತ್ತಿದ್ದರು. ಅದಕ್ಕೇ ತೂಕದಿಂದ ಕಾಗದಕ್ಕೆ ಇಳಿಸುವ ಹಂತದಲ್ಲಿ ನಾನೊಂದು ಆಟ ಇಟ್ಟಿದ್ದೇನೆ, ಅದರಲ್ಲೇ ಅರ್ಧ ಗುಟ್ಟು ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಂದು ಕ್ಲಾಸು ನೋಡಿದವರಿಗೆ ತೋರಿಸುತ್ತೇನೆ. ಇನ್ನೊಂದು ಮಾತು: ಹೆಜ್ಜೇನಿನ ಕಾಲಕ್ಕೆ ಕಾಡಿಗೆ ಹೋಗಿಬಂದ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ. ಅವರು ಅಂದಾಜು ಹೇಳಿದಾಗ ಮಕ್ಕಳು ತಕ್ಕಡಿ ಕಡೆ ಓಡುತ್ತಾರೆ. ನಾನು ಹೇಳಿದರೆ ಸುಮ್ನೆ ಬರೆದುಕೊಳ್ಳುತ್ತಾರೆ.

ಈಗ ಮರದ ಪಾಚಿ ಹಿಡಿದಿದ್ದೇವೆ, ಶೇಕಡಾ ಲೆಕ್ಕಕ್ಕೆ. ಮಂಜಿನ ದಿನ ತಂದದ್ದು ಒಣಗಿದ ಮೇಲೆ ಅರ್ಧಕ್ಕಿಂತ ಕಡಿಮೆ ತೂಗಿತು. ಬಿಸಿಲಿನ ದಿನ ತಂದದ್ದು ಅಷ್ಟೇನೂ ಇಳಿಯಲಿಲ್ಲ. ಹಾಗಾದರೆ ಯಾವ ಹೊತ್ತಿಗೆ ತೂಗಿ ದರ ಕಟ್ಟಬೇಕು ಅಂತ ಮಕ್ಕಳೇ ಜಗಳಕ್ಕೆ ನಿಂತಿದ್ದಾರೆ. ಆರನೇ ತರಗತಿಯವರು ಒಣಗಿಸುವ ಮೊದಲು, ಆಮೇಲೆ ಅಂತ ಎರಡು ಪಟ್ಟಿ ಬರೆಯುತ್ತಿದ್ದಾರೆ. ಗ್ರಾಮಿನ ಸಣ್ಣ ಬಟ್ಟುಗಳು ಸಾಲುತ್ತಿಲ್ಲ. ಮುಂದಿನ ಸಂತೆಗೆ ಹೋಗಬೇಕು.