ಸೌದೆ ಶೆಡ್ಡಿಗೆ ಸೂರು ಎಷ್ಟು ಬಿಡಬೇಕು?

ಮಲೆನಾಡಿನಲ್ಲಿ ಸೌದೆ ಒದ್ದೆಯಾಗುವುದು ಮಾಡು ಸೋರಿದ್ದಕ್ಕಿಂತ ಜಾಸ್ತಿ ಎರಚಲು ಹೊಡೆದು. ಹಂಚು ಒಂದೂ ಒಡೆದಿಲ್ಲ, ಆದರೂ ಹೊರಗಿನ ಸಾಲಿನ ಸೌದೆಗೆ ಬೂಸ್ಟು ಹಿಡಿದಿದೆ ಅಂದರೆ ಸೂರು, ಅಂದರೆ ಗೋಡೆಯಿಂದ ಹೊರಗೆ ಚಾಚಿದ ಮಾಡಿನ ಭಾಗ, ಗಿಡ್ಡವಾಯಿತು ಅಂತಲೇ ಲೆಕ್ಕ. ಹಾಗಂತ ಸುಮ್ನೆ ಉದ್ದ ಬಿಟ್ಟರೂ ಆಗುವುದಿಲ್ಲ.

ಹಿತ್ತಲಲ್ಲಿ 8 ಅಡಿ ಅಗಲ, 10 ಅಡಿ ಉದ್ದದ ಶೆಡ್ಡು ಅಂದುಕೊಳ್ಳಿ. ಎರಡೂ ಕಡೆ ಇಳಿಜಾರು, ಮೇಲೆ ಮಂಗಳೂರು ಹಂಚು. 12 ಇಂಚು ಅಡ್ಡಕ್ಕೆ 7 ಇಂಚು ಇಳಿತ ಕೊಟ್ಟರೆ ಇಳಿಜಾರು ಸುಮಾರು 30 ಡಿಗ್ರಿ ಆಗುತ್ತದೆ. ಇದರಲ್ಲೊಂದು ಅನುಕೂಲವಿದೆ: ಅಡ್ಡಕ್ಕೆ 12 ಇಂಚು ಹೋದಾಗ ಪಕಾಸು (ಮಾಡಿನ ನೆತ್ತಿಯಿಂದ ಸೂರಿನವರೆಗೆ ಇಳಿಯುವ ಮರ) ಹೆಚ್ಚುಕಮ್ಮಿ 14 ಇಂಚು ಬೇಕು. 12, 7, 14. ಈ ಮೂರು ನೆನಪಿದ್ದರೆ ಸಾಕು.

ಗೋಡೆಯಿಂದ 2 ಅಡಿ ಸೂರು ಬಿಡೋಣ. ನೆತ್ತಿಯಿಂದ ಗೋಡೆಗೆ 4 ಅಡಿ, ಹೊರಗೆ 2 ಅಡಿ. ಒಳಗೆ ಎರಡು ಪಾಲು, ಹೊರಗೆ ಒಂದು ಪಾಲು. ಇದಕ್ಕಿಂತ ಜಾಸ್ತಿ ಚಾಚಿದರೆ ತುದಿ ಜೋತು ಬೀಳುತ್ತದೆ. ಒಟ್ಟು ಆರು ಅಡಿಗೆ ಪಕಾಸು ಏಳು ಅಡಿ. ಏಳೂವರೆಯದ್ದೇ ತನ್ನಿ, ಕೊಯ್ಯಲು ಬೇಕಾಗುತ್ತದೆ.

ಈಗ ಇಳಿತ ನೋಡಿ. 2 ಅಡಿ ಹೊರಗೆ ಹೋದ ಸೂರು 14 ಇಂಚು ಕೆಳಗೆ ಬಂದಿರುತ್ತದೆ. ಗೋಡೆ 7 ಅಡಿ ಇದ್ದರೆ ಸೂರಿನ ತುದಿ 5 ಅಡಿ 10 ಇಂಚಿಗೆ! ನಾನು ಇದನ್ನು ಮರೆತು ಉದ್ದದ ಗೋಡೆಗೆ ಬಾಗಿಲಿಟ್ಟೆ. ಆರೂಕಾಲು ಅಡಿ ಬಾಗಿಲು ಅರ್ಧ ತೆರೆದು ಪಕಾಸಿಗೆ ಬಡಿದು ನಿಂತಿತು. ‘ಬಾಗಿಲು ಯಾವ ಕಡೆ ಅಂತ ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ’ ಎಂದರು ಮರಗೆಲಸದ ಆಚಾರ್ರು. ಆ ಕಡೆ ಸೂರನ್ನು ಒಂದಡಿ ಕೊಯ್ದು ಹಾಕಬೇಕಾಯಿತು. ಹಾಗಾಗಿ ಬಾಗಿಲನ್ನು ಅಗಲದ ಕಡೆಯ, ಅಂದರೆ ಮಾಡು ಇಳಿದು ಬರದ, ತ್ರಿಕೋನದ ಗೋಡೆ ಕಡೆಗಿಡಿ, ಇಲ್ಲವೇ ಗೋಡೆ ಎತ್ತರಿಸಿ.

ಪಕಾಸುಗಳನ್ನು ಎರಡಡಿಗೊಂದರಂತೆ ನಿಲ್ಲಿಸಿ. ಗೋಡೆ ಮೇಲೆ ಮಲಗಿಸಿದ ಮರದ ಮೇಲೆ ಕೂರಲು ಪಕಾಸಿನ ಅಡಿಗೆ ಕಚ್ಚು ಕೊಡಬೇಕಲ್ವಾ, ಅಲ್ಲಿ ಕೈ ಬಿಗಿಹಿಡಿಯಿರಿ. 4 ಇಂಚಿನ ಪಕಾಸಿಗೆ 1 ಇಂಚು ಆಳ ಸಾಕು. ಸೂರಿನ ಭಾರವೆಲ್ಲ ಆ ಜಾಗದಲ್ಲೇ ಬೀಳುವುದು. ಕಚ್ಚು ಆಳವಾದರೆ ಅಲ್ಲೇ ಸೀಳುತ್ತದೆ. ಗಾಳಿ ಸೂರಿನಡಿ ಹೊಕ್ಕು ಮಾಡನ್ನೇ ಎತ್ತಲು ನೋಡುತ್ತದೆ. ಬರೀ ಮೊಳೆ ನಂಬಬೇಡಿ. ಪ್ರತಿ ಪಕಾಸಿಗೂ ಕಬ್ಬಿಣದ ಪಟ್ಟಿ ಬಿಗಿದು, ಗೋಡೆ ಮೇಲಿನ ಮರವನ್ನು ಬೋಲ್ಟು ಹಾಕಿ ಗೋಡೆಗೆ ಕಚ್ಚಿಸಿ.

ತುದಿ ಕೊಯ್ಯುವುದು ಆಮೇಲೆ. ಒಂದೊಂದೇ ಅಳೆದು ನೆಲದಲ್ಲೇ ಕೊಯ್ದು ಏರಿಸಿದರೆ ಸೂರು ಹಾವಿನ ಹಾಗೆ ಕಾಣುತ್ತದೆ. ಎಲ್ಲವನ್ನೂ ಕೂರಿಸಿ, ಎರಡು ಕೊನೆಯ ಪಕಾಸಿಗೆ ಗುರುತು ಹಾಕಿ, ನಡುವೆ ಬಣ್ಣ ಹಚ್ಚಿದ ದಾರ ಬಿಗಿಯಾಗಿ ಎಳೆದು, ಹೊಡೆದು ಗೆರೆ ಮೂಡಿಸಿ. ಆ ಗೆರೆಯಿಂದ ತೂಗುಗುಂಡು ಬಿಟ್ಟು ನೇರ ಕೆಳಕ್ಕೆ ಕೊಯ್ಯಿರಿ. ಕೊಯ್ದ ತುದಿ ನೀರು ಹೀರುತ್ತದೆ, ಅವತ್ತೇ ಎರಡು ಸಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ಕೈಗವಸು ಹಾಕಿಕೊಳ್ಳಿ, ಚರ್ಮ ಸುಡುತ್ತದೆ.

ತ್ರಿಕೋನದ ಗೋಡೆ ಕಡೆಗೆ ಒಂದಡಿ ಸೂರು ಸಾಕು. ನೆತ್ತಿಯ ತೊಲೆ, ಗೋಡೆ ಮೇಲಿನ ಮರ ಎರಡನ್ನೂ ಮೊದಲೇ ಒಂದಡಿ ಹೊರಗೆ ಬಿಟ್ಟಿರಬೇಕು. ಅವುಗಳ ಮೇಲೆ ಕೊನೆಯ ಪಕಾಸು. ಬರೀ ರೀಪು (ಹಂಚು ಕೂರಲು ಪಕಾಸಿನ ಮೇಲೆ ಅಡ್ಡ ಹೊಡೆಯುವ ಪಟ್ಟಿ) ಚಾಚಿದರೆ ಹಂಚಿನ ಭಾರಕ್ಕೆ ಬಾಗುತ್ತದೆ.

ರೀಪಿನ ಅಂತರಕ್ಕೆ ನೀವು ತಂದ ಹಂಚನ್ನೇ ಇಟ್ಟು ಅಳೆಯಿರಿ. ಸೂರಿನ ತುದಿಯ ಮೊದಲ ರೀಪು ಮಾತ್ರ ಉಳಿದವಕ್ಕಿಂತ ಒಂದು ಹಂಚಿನಷ್ಟು ಹೆಚ್ಚು ದಪ್ಪಗಿರಲಿ, ಅಲ್ಲಿ ಕೆಳಗೆ ಇನ್ನೊಂದು ಹಂಚು ಇರುವುದಿಲ್ಲ. ಹಂಚು ಪಕಾಸಿನ ತುದಿಯಿಂದ ಎರಡಿಂಚು ಮುಂದೆ ಬಂದರೆ ನೀರು ಮರಕ್ಕೆ ತಾಗದೆ ಬೀಳುತ್ತದೆ. ಬೀಳುವ ಜಾಗಕ್ಕೆ ಜಲ್ಲಿ ಹಾಕಿ, ಇಲ್ಲದಿದ್ದರೆ ರಾಡಿ ಸಿಡಿದು ಗೋಡೆಗೇ ಬರುತ್ತದೆ.

ಕೊಯ್ದು ಗಿಡ್ಡ ಮಾಡಿದ ಆ ಒಂದು ಕಡೆಗೆ ನಾವು ಈಗಲೂ ಮಳೆಗಾಲ ಬಂತೆಂದರೆ ಸೋಗೆ ತಟ್ಟಿ ಕಟ್ಟುತ್ತೇವೆ.