ಗಪ್ಪಿ ಮರಿಗಳು ತಾವಾಗಿಯೇ ಬರುತ್ತವೆ, ನೀವು ನೀರು ನೋಡಿಕೊಳ್ಳಿ

ಗಪ್ಪಿ ಅನ್ನೋ ಪುಟ್ಟ ಬಣ್ಣದ ಮೀನನ್ನು ಮನೆಗೆ ತಂದವರೆಲ್ಲ ಮೊದಲು ಕೇಳುವುದು, ಮರಿ ಮಾಡಿಸೋದು ಹೇಗೆ ಅಂತ. ಅದಕ್ಕೆ ನೀವೇನೂ ಮಾಡಬೇಕಾಗಿಲ್ಲ. ಗಂಡು ಹೆಣ್ಣು ಒಂದೇ ತೊಟ್ಟಿಯಲ್ಲಿದ್ದರೆ ಬೇಡ ಅಂದರೂ ಮರಿಯಾಗುತ್ತವೆ. ಅಂಗಡಿಯಿಂದ ಬರೀ ಹೆಣ್ಣುಗಳನ್ನೇ ತಂದರೂ ಮರಿ ಹಾಕುವುದುಂಟು. ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಂಡು ಮತ್ತೆ ಮತ್ತೆ ಮರಿ ಹಾಕುತ್ತದೆ. ತಲೆ ಕೆಡಿಸಿಕೊಳ್ಳಬೇಕಾದ್ದು ನೀರಿನ ಬಗ್ಗೆ.

ಗಾಜಿನ ಬಟ್ಟಲು ಚಂದ ಕಾಣುತ್ತದೆ, ಆದರೆ ಬೇಡ. 40 ಲೀಟರಿನ ತೊಟ್ಟಿ ಇಡಿ, ನೀರು ಸೋಸಲು ಒಂದು ಸ್ಪಂಜ್ ಫಿಲ್ಟರ್ ಹಾಕಿ. ಮೀನಿನ ಕಸದಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೂರ್ನಾಲ್ಕು ಮೀನು ಸಾಕು. ಹೊಸ ತೊಟ್ಟಿಗೆ ಒಂದೇ ದಿನ ಇಪ್ಪತ್ತು ಮೀನು ಬಿಟ್ಟು, ವಾರದಲ್ಲಿ ಎಲ್ಲ ಸತ್ತವು ಅಂತ ಅಂಗಡಿಯವನನ್ನು ಬೈಯುವುದು ಸರಿಯಲ್ಲ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಆ ಬ್ಯಾಕ್ಟೀರಿಯಾ ಹಾಳಾಗುತ್ತವೆ. ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಎರಡು ಸಲ ಹಿಂಡಿ, ವಾಪಸ್ ಇಟ್ಟುಬಿಡಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದರೆ ಸಾಕು. ಪೂರ್ತಿ ಖಾಲಿ ಮಾಡಿ ಉಜ್ಜಿ ತೊಳೆಯುವ ಅಭ್ಯಾಸ ಇದ್ದರೆ ಬಿಡಿ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಾದರೆ ಕ್ಲೋರಿನ್ ಇರುತ್ತದೆ, ಒಂದು ದಿನ ಬಕೆಟ್‌ನಲ್ಲಿ ಬಾಯಿ ತೆರೆದಿಡಿ ಅಥವಾ ಆಂಟಿ ಕ್ಲೋರಿನ್ ಹನಿ ಹಾಕಿ. ಬೋರ್‌ವೆಲ್ ನೀರಿಗೆ ಹೆದರಬೇಡಿ. ಗೀಸರ್ ಹಾಳು ಮಾಡುವ ಆ ಗಡಸು ನೀರೇ ಗಪ್ಪಿಗೆ ಚೆನ್ನಾಗಿ ಒಗ್ಗುತ್ತದೆ. ಪಾಪ ಮೀನಿಗೂ ಶುದ್ಧ ನೀರು ಇರಲಿ ಅಂತ ಆರ್‌ಒ ನೀರು ತುಂಬುವವರಿದ್ದಾರೆ. ಅದರಲ್ಲಿ ಖನಿಜಾಂಶವೇ ಉಳಿದಿರುವುದಿಲ್ಲ, ಗಪ್ಪಿ ಸೊರಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನೀರು 22 ಡಿಗ್ರಿಗಿಂತ ಕೆಳಗಿಳಿದರೆ ಸಣ್ಣ ಹೀಟರ್ ಬೇಕು. ಕರಾವಳಿಯವರಿಗೆ ಆ ಖರ್ಚು ಸಾಮಾನ್ಯವಾಗಿ ಇಲ್ಲ.

ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಗಂಡು ಜಾಸ್ತಿಯಾದರೆ ಹೆಣ್ಣನ್ನು ಇಡೀ ದಿನ ಅಟ್ಟಾಡಿಸುತ್ತವೆ, ಅದಕ್ಕೆ ಉಸಿರಾಡಲೂ ಬಿಡುವುದಿಲ್ಲ. ಬಸುರಿ ಮೀನನ್ನು ಗುರುತಿಸುವುದು ಸುಲಭ. ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ದಟ್ಟವಾಗುತ್ತಾ ಬರುತ್ತದೆ. ಸುಮಾರು ನಾಲ್ಕು ವಾರಕ್ಕೆ ದಿನ ತುಂಬುತ್ತದೆ. ಆಗ ಹೊಟ್ಟೆ ಗುಂಡಗಿರದೆ ಮುಂದುಗಡೆ ಚೌಕವಾಗಿ ಕಾಣುತ್ತದೆ. ಮೀನು ಒಂದು ಮೂಲೆ ಹಿಡಿದು ಸುಮ್ನೆ ನಿಲ್ಲುತ್ತದೆ. ಮರಿ ಸುರುಳಿಯಾಗಿ ಮಡಚಿಕೊಂಡು ಹೊರಬಿದ್ದು, ಒಂದಿಷ್ಟು ಕೆಳಗಿಳಿದು, ಪಟ್ಟನೆ ಬಿಚ್ಚಿಕೊಂಡು ಗಿಡದೊಳಗೆ ನುಗ್ಗುತ್ತದೆ. ನುಗ್ಗಲೇಬೇಕು, ಇಲ್ಲದಿದ್ದರೆ ಹೆತ್ತ ತಾಯಿಯೇ ತಿಂದುಬಿಡುತ್ತಾಳೆ.

ಮರಿ ಉಳಿಸಲು ಅಂತ, ಬಸುರಿ ಮೀನನ್ನು ಬೇರೆ ಇಡುವ ಪ್ಲಾಸ್ಟಿಕ್ ಡಬ್ಬಿ ಮಾರುತ್ತಾರೆ. ನನಗೆ ಅದು ಇಷ್ಟವಿಲ್ಲ. ದಿನ ತುಂಬಿದ ಮೀನನ್ನು ಬಲೆಯಲ್ಲಿ ಹಿಡಿದು ಇಕ್ಕಟ್ಟಿಗೆ ಹಾಕಿದರೆ ಗಾಬರಿಯಿಂದ ದಿನಕ್ಕೆ ಮುಂಚೆಯೇ ಮರಿ ಹಾಕುವುದುಂಟು. ಅದರ ಬದಲು ನೀರೊಳಗೆ ಬೆಳೆಯುವ ಹಾವಸೆಯಂಥ ಗಿಡ ಜಾವಾ ಮಾಸ್ ಒಂದು ಹಿಡಿ, ಮೇಲೆ ಒಂದಿಷ್ಟು ಅಂತರಗಂಗೆ ತೇಲಿಬಿಡಿ. ಕೆರೆಯಿಂದ ತಂದ ಅಂತರಗಂಗೆಯಾದರೆ ಬೇರು ಬಿಡಿಸಿ ಚೆನ್ನಾಗಿ ಜಾಲಾಡಿ. ಅದರಲ್ಲಿ ಕೊಡತಿಹುಳದ ಮರಿ ಅಡಗಿರುತ್ತದೆ, ರಾತ್ರೋರಾತ್ರಿ ಗಪ್ಪಿ ಮರಿಗಳನ್ನೆಲ್ಲ ಮುಗಿಸುತ್ತದೆ. ನಾವು ಏರೋಪ್ಲೇನ್ ಚಿಟ್ಟೆ ಅಂತೀವಲ್ಲ, ಅದರದ್ದೇ ಮರಿ.

ಮರಿಗಳಿಗೆ ದಿನಕ್ಕೆ ಮೂರ್ನಾಲ್ಕು ಸಲ ಚೂರೇ ಚೂರು ಆಹಾರ. ದೊಡ್ಡವುಗಳ ಫ್ಲೇಕ್ಸನ್ನೇ ಬೆರಳಲ್ಲಿ ಹುಡಿ ಮಾಡಿ ಉದುರಿಸಿ. ಬೇಯಿಸಿದ ಮೊಟ್ಟೆಯ ಹಳದಿಯೂ ಆಗುತ್ತದೆ, ಆದರೆ ಕಡ್ಡಿಯ ತುದಿಗೆ ಹತ್ತುವಷ್ಟು ಮಾತ್ರ. ಜಾಸ್ತಿಯಾದರೆ ಸಂಜೆಗೆ ನೀರು ನಾರುತ್ತದೆ. ದೊಡ್ಡ ಮೀನಿಗೆ ಸೊಳ್ಳೆ ಮರಿಯಂಥ ಹಬ್ಬದೂಟ ಇನ್ನೊಂದಿಲ್ಲ. ಗಿಡದ ಕುಂಡದ ತಟ್ಟೆಯಲ್ಲಿ ಸಿಕ್ಕರೆ ಟೀ ಜರಡಿಯಲ್ಲಿ ಸೋಸಿ ಹಾಕಿ. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗದಿದ್ದರೆ ಮನೆಯಲ್ಲಿ ಶಾಂತಿ ಇರುತ್ತದೆ.

ಮೂರ್ನಾಲ್ಕು ವಾರಕ್ಕೆ ಗಂಡು ಮರಿಯ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ, ಹೆಣ್ಣಿನದು ಬೀಸಣಿಗೆಯಂತೆಯೇ ಉಳಿಯುತ್ತದೆ. ಒಳ್ಳೆಯ ಬಣ್ಣ, ಬಾಲ ಬೇಕೆನ್ನುವವರು ಆಗಲೇ ಎರಡನ್ನೂ ಬೇರೆ ಮಾಡಬೇಕು. ಆಮೇಲೆ ಮಾಡಿದರೆ ತಡ. ಒಂದೇ ಮನೆಯ ಮೀನುಗಳು ತಲೆಮಾರುಗಟ್ಟಲೆ ತಮ್ಮತಮ್ಮಲ್ಲೇ ಕೂಡುತ್ತಾ ಹೋದರೆ ಬೆನ್ನು ಸೊಟ್ಟಗಿರುವ ಮರಿಗಳು ಕಾಣಿಸತೊಡಗುತ್ತವೆ. ಆಗಾಗ ಬೇರೆ ಕಡೆಯ ಒಂದು ಗಂಡನ್ನು ತನ್ನಿ.

ಮರಿ ಮಿತಿಮೀರಿದರೆ ನೆಂಟರಿಗೆ ಕೊಡಿ, ಅಂಗಡಿಗೆ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ಸೊಳ್ಳೆ ತಡೆಯಲು ಆರೋಗ್ಯ ಇಲಾಖೆಯವರೇ ಬಾವಿಗಳಿಗೆ ಗಪ್ಪಿ ಬಿಡುವುದು ನಿಜ. ಆದರೆ ಇದು ಟ್ರಿನಿಡಾಡ್, ವೆನೆಜುವೆಲಾ ಕಡೆಯ ಮೀನು, ನಮ್ಮ ಹಳ್ಳಕೊಳ್ಳದ ಸಣ್ಣ ಮೀನುಗಳ ಜಾಗಕ್ಕೂ ಮೊಟ್ಟೆಗೂ ಬಾಯಿ ಹಾಕುತ್ತದೆ.

ಇನ್ನು ಊರಿಗೆ ಹೋಗುವಾಗ. ಬೆಳೆದ ಗಪ್ಪಿ ನಾಲ್ಕೈದು ದಿನ ಊಟವಿಲ್ಲದೆ ಆರಾಮಾಗಿರುತ್ತದೆ. ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟು ಹೋಗಬೇಡಿ, ಪ್ರೀತಿಯಿಂದ ಅರ್ಧ ಡಬ್ಬಿ ಸುರಿದಿರುತ್ತಾರೆ. ಎಳೇ ಮರಿಗಳಿದ್ದರೆ ದಿನಕ್ಕೊಂದರಂತೆ ಚಿಟಿಕೆ ಹುಡಿಯ ಪೊಟ್ಟಣ ಕಟ್ಟಿ, ವಾರದ ಹೆಸರು ಬರೆದು ಕೊಡಿ. ಡಬ್ಬಿಯನ್ನು ಬೀರುವಿನಲ್ಲಿ ಬಚ್ಚಿಡಿ.